ಕಡಲಾಚೆ ಉಳಿದ ಮದ್ರಾಸು

ಮದ್ರಾಸು ಅನ್ನೋ ಹೆಸರು ಈಗ ಭೂಪಟದಲ್ಲಿ ಇಲ್ಲ. 1996ರಲ್ಲಿ ಅದು ಚೆನ್ನೈ ಆಯಿತು. ಹೈಕೋರ್ಟು, ವಿಶ್ವವಿದ್ಯಾಲಯ, ಐಐಟಿ ಮಾತ್ರ ಹಳೆಯ ಹೆಸರನ್ನು ಬಿಟ್ಟುಕೊಟ್ಟಿಲ್ಲ. ಕಣ್ಣು ಕೆಂಪಾಗಿ ನೀರು ಸುರಿದರೆ ನಾವು ಈಗಲೂ ‘ಮದ್ರಾಸ್ ಐ’ ಬಂತು ಅಂತೀವಿ. ಇಷ್ಟು ಬಿಟ್ಟರೆ ಆ ಹೆಸರು ಗಟ್ಟಿಯಾಗಿ ಉಳಿದಿರೋದು ಇಲ್ಲಿಂದ ಸಾವಿರಾರು ಮೈಲಿ ದೂರದ ಕೆರಿಬಿಯನ್ ಸೀಮೆಯಲ್ಲಿ. ಅಲ್ಲಿ ಮದ್ರಾಸು ಅಂದರೆ ಊರಲ್ಲ. ಸೇಂಟ್ ಲೂಸಿಯಾ, ಡೊಮಿನಿಕಾ, ಮಾರ್ಟಿನಿಕ್, ಗ್ವಾಡೆಲೂಪ್ ದ್ವೀಪಗಳಲ್ಲಿ ಅದು ಒಂದು ಬಟ್ಟೆಯ ಹೆಸರು. ಗಯಾನಾದಲ್ಲಿ ‘ಮದ್ರಾಸಿ’ ಅಂದರೆ ಒಂದು ಜನ, ಅವರ ದೇವರು, ಅವರ ವಾದ್ಯ. ವರ್ಷಕ್ಕೊಮ್ಮೆ ಅವರು ಮಾಡುವ ಹಬ್ಬಗಳಲ್ಲಿ ಈ ಬಟ್ಟೆ, ಈ ವಾದ್ಯ, ಈ ದೇವರು ಎಲ್ಲ ಹೊರಗೆ ಬರುತ್ತವೆ. ಹೊರಟ ಬಂದರು ಇದ್ದ ಈ ಊರಿನಲ್ಲಿ ಮಾತ್ರ ಅದರ ಸುದ್ದಿ ಅಷ್ಟಾಗಿ ಇಲ್ಲ.

ನಾನು ಭದ್ರಾವತಿ ಕಡೆಯವನು. ಕೆಲಸ ಸಿಕ್ಕಿ ಈ ಊರಿಗೆ ಬಂದಾಗ ಇದಿನ್ನೂ ಮದ್ರಾಸಾಗಿತ್ತು. ಇಲ್ಲಿಯವರಿಗೆ ನಾನು ಬೆಂಗಳೂರಿನವನು. ಭದ್ರಾವತಿಗೂ ಬೆಂಗಳೂರಿಗೂ ಎಷ್ಟು ದೂರ ಅಂತ ವಿವರಿಸುವ ಗೋಜಿಗೆ ಈಗ ಹೋಗುವುದಿಲ್ಲ. ಆಫೀಸಿನ ಕೆಲಸದ ಮೇಲೆ ದೆಹಲಿಗೆ ಹೋದರೆ ಅಲ್ಲಿ ನಾನೂ ಮದ್ರಾಸಿ, ನನ್ನ ಜೊತೆ ಬಂದ ತಮಿಳು ಗೆಳೆಯನೂ ಮದ್ರಾಸಿ, ತೆಲುಗಿನವನೂ ಮದ್ರಾಸಿ. ನಾವು ಮೂವರೂ ಒಟ್ಟಿಗೆ ಸಿಟ್ಟಾಗಿ, ಒಟ್ಟಿಗೆ ನಕ್ಕು ಸುಮ್ಮನಾಗ್ತಿದ್ವಿ. ಹೊರಗಿನವರು ನಮ್ಮನ್ನೆಲ್ಲ ಒಂದೇ ಚೀಲಕ್ಕೆ ತುಂಬುವ ಈ ಪದ ನೂರೈವತ್ತು ವರ್ಷಕ್ಕೂ ಹಿಂದೆ ಹಡಗು ಹತ್ತಿ ಹೋಗಿತ್ತು ಅಂತ ಗೊತ್ತಾದ ಮೇಲೆ ನಾನು ಅದರ ಬೆನ್ನು ಹತ್ತಿದೆ. ಪರಊರಿನಲ್ಲಿ ಬದುಕುವವನಿಗೆ ಇನ್ನೂ ದೂರದ ಪರಊರಿಗೆ ಹೋದವರ ಕತೆ ತನ್ನದೇ ಅನ್ನಿಸುವುದು ಸಹಜ ತಾನೆ?

ಮೊದಲು ಅವರ ಹಬ್ಬಗಳ ಪಂಚಾಂಗ ನೋಡಿ. ಮೇ 5 ಗಯಾನಾದಲ್ಲಿ ‘ಆಗಮನ ದಿನ’. ಮೇ 10 ಜಮೈಕಾದಲ್ಲಿ. ಮೇ 30 ಟ್ರಿನಿಡಾಡ್‌ನಲ್ಲಿ. ಅಲ್ಲಿ 1995ರಿಂದ ಅದು ಸರ್ಕಾರಿ ರಜೆ. ಜೂನ್ 1 ಸೇಂಟ್ ವಿನ್ಸೆಂಟ್ ಎಂಬ ಪುಟ್ಟ ದ್ವೀಪದಲ್ಲಿ. ಒಂದೊಂದು ತಾರೀಕೂ ಒಂದೊಂದು ಹಡಗು ದಡ ಮುಟ್ಟಿದ ದಿನ. 1838ರ ಮೇ 5ರಂದು ವಿಟ್ಬಿ, ಹೆಸ್ಪರಸ್ ಎಂಬ ಎರಡು ಹಡಗುಗಳು ಕಲ್ಕತ್ತೆಯಿಂದ ಆಗಿನ ಬ್ರಿಟಿಷ್ ಗಯಾನಾ ಸೇರಿದವು. 1845ರ ಮೇ 30ರಂದು ಫತೇಲ್ ರಜಾಕ್ ಎಂಬ ಹಡಗು ಟ್ರಿನಿಡಾಡ್ ಮುಟ್ಟಿತು. ಅದೂ ಕಲ್ಕತ್ತೆಯದೇ.

ಮದ್ರಾಸಿನ ಪಾಲಿಗೆ ಬರೋದು ಸೇಂಟ್ ವಿನ್ಸೆಂಟ್. 1861ರ ಜೂನ್ 1ರಂದು ಆ ದ್ವೀಪದ ಕಿಂಗ್ಸ್‌ಟೌನ್‌ಗೆ ಬಂದ ಹಡಗಿನ ಹೆಸರು ‘ಟ್ರಾವಂಕೂರ್’. ನಮ್ಮ ತಿರುವಾಂಕೂರಿನ ಹೆಸರೇ. ಮದ್ರಾಸಿನಿಂದ ಹೊರಟ ಅದರಲ್ಲಿ ಸುಮಾರು 260 ಜನ ಇದ್ದರು. ಆಮೇಲೆ 1880ರ ತನಕ ಮತ್ತೂ ಹಡಗುಗಳು ಬಂದವು, ಒಟ್ಟು ಎರಡೂವರೆ ಸಾವಿರದಷ್ಟು ಮಂದಿ ಆ ದ್ವೀಪ ಸೇರಿದರು. ಅವರ ಮೊಮ್ಮಕ್ಕಳ ಮಕ್ಕಳು 2006ರಲ್ಲಿ ಒಂದು ಸಂಘ ಕಟ್ಟಿಕೊಂಡರು. ಮರುವರ್ಷ, 2007ರಲ್ಲಿ, ಅಲ್ಲಿನ ಸಂಸತ್ತು ಕಾಯಿದೆ ಮಾಡಿ ಜೂನ್ 1ನ್ನು ಭಾರತೀಯರು ಬಂದ ದಿನ ಎಂದೂ, ಅಕ್ಟೋಬರ್ 7ನ್ನು ಭಾರತೀಯ ಪರಂಪರೆಯ ದಿನ ಎಂದೂ ಗುರುತಿಸಿತು. ನೂರಾ ನಲವತ್ತಾರು ವರ್ಷ ಯಾರ ಲೆಕ್ಕಕ್ಕೂ ಇಲ್ಲದೆ ಕಳೆದ ಒಂದು ತಾರೀಕಿಗೆ ಹಾಗೆ ಮರುಜೀವ ಬಂತು.

ಇದೆಲ್ಲ ಯಾಕೆ ನಡೆಯಿತು ಅನ್ನೋದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳು ನಿಂತಿದ್ದದ್ದು ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ಬೆನ್ನಿನ ಮೇಲೆ. ಬ್ರಿಟನ್ 1833ರಲ್ಲಿ ಕಾನೂನು ಮಾಡಿ 1834ರ ಆಗಸ್ಟ್ 1ರಿಂದ ಗುಲಾಮಗಿರಿ ರದ್ದು ಮಾಡಿತು. ರದ್ದು ಅಂದರೂ ‘ಅಪ್ರೆಂಟಿಸ್’ ಅನ್ನುವ ಹೆಸರಿನಲ್ಲಿ ಅದೇ ಜನರನ್ನು ಇನ್ನೂ ನಾಲ್ಕು ವರ್ಷ ದುಡಿಸಿಕೊಂಡರು. 1838ರಲ್ಲಿ ಅದೂ ಮುಗಿಯಿತು. ಬಿಡುಗಡೆಯಾದವರಲ್ಲಿ ಬಹಳ ಮಂದಿ ಅದೇ ತೋಟದಲ್ಲಿ ಅದೇ ದೊರೆಯ ಕೈಕೆಳಗೆ ದುಡಿಯಲು ಒಪ್ಪಲಿಲ್ಲ. ದುಡಿಯಲು ಬಂದವರು ತಕ್ಕ ಕೂಲಿ ಕೇಳಿದರು. ತೋಟದ ದೊರೆಗಳ ಕಣ್ಣು ಆಗ ಭಾರತದ ಮೇಲೆ ಬಿತ್ತು. ಅವರಲ್ಲಿ ಮುಂದಾಳು ಜಾನ್ ಗ್ಲಾಡ್‌ಸ್ಟನ್, ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಗ್ಲಾಡ್‌ಸ್ಟನ್‌ರ ಅಪ್ಪ. ಮೊದಲ ತಂಡಕ್ಕೆ ಆದ ಹಿಂಸೆ ಕೇಳಿ ಗಲಾಟೆಯಾಗಿ 1839ರಲ್ಲಿ ಜನ ಕಳಿಸುವುದನ್ನೇ ನಿಲ್ಲಿಸಿದರು. 1844ರಲ್ಲಿ ಮತ್ತೆ ಕಾನೂನು ಮಾಡಿ ಕಲ್ಕತ್ತಾ, ಮದ್ರಾಸು, ಬೊಂಬಾಯಿಗಳಿಂದ ಜಮೈಕಾ, ಗಯಾನಾ, ಟ್ರಿನಿಡಾಡ್‌ಗೆ ಕಳಿಸಬಹುದು ಅಂದರು. ಹೀಗೆ 1845ರಿಂದ ಮದ್ರಾಸಿನ ಬಾಗಿಲು ತೆರೆಯಿತು.

ಬಾಗಿಲು ಅಂತೇನೋ ಬರೆದೆ. ಆಗ ಮದ್ರಾಸಿಗೆ ಬಂದರೇ ಇರಲಿಲ್ಲ. ಈಗ ನೀವು ರಾಜಾಜಿ ಸಾಲೈಯಲ್ಲಿ ಬಸ್ಸಿನಲ್ಲಿ ಹೋಗುವಾಗ ಕಾಣುವ ಗೋಡೆ, ಕ್ರೇನುಗಳೆಲ್ಲ ಆಮೇಲಿನವು. ಬಂದರಿನ ಕೆಲಸ ಶುರುವಾದದ್ದು 1870ರ ದಶಕದಲ್ಲಿ, ಅದನ್ನೂ 1881ರ ಚಂಡಮಾರುತ ಒಡೆದು ಹಾಕಿತು. ಅದಕ್ಕೆ ಮೊದಲು ಹಡಗುಗಳು ದೂರದಲ್ಲೇ ಲಂಗರು ಹಾಕಿ ನಿಲ್ಲುತ್ತಿದ್ದವು. ದಡದಿಂದ ಅಲ್ಲಿಗೆ ಜನರನ್ನು, ಸಾಮಾನನ್ನು ಸಾಗಿಸುತ್ತಿದ್ದದ್ದು ಮಸೂಲಾ ದೋಣಿಗಳು. ಮೊಳೆ ಹೊಡೆಯದೆ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಮಾಡಿದ ದೋಣಿ ಅದು. ಮೊಳೆ ಹೊಡೆದ ದೋಣಿಯಾದರೆ ಇಲ್ಲಿನ ಅಲೆಯ ಏಟಿಗೆ ಬಿಚ್ಚಿಕೊಳ್ಳುತ್ತಿತ್ತು. ಹೊಲಿದದ್ದು ಬಾಗಿ ಬಳುಕಿ ಪಾರಾಗುತ್ತಿತ್ತು. ಕಡಲನ್ನೇ ಕಾಣದ ಒಳನಾಡಿನ ಹಳ್ಳಿಯ ಒಬ್ಬ ಹೆಣ್ಣುಮಗಳು ಕಂಕುಳಲ್ಲಿ ಕೂಸು ಇಟ್ಟುಕೊಂಡು ಆ ದೋಣಿಯಲ್ಲಿ ಕೂತು ಮೂರು ಸಾಲು ಅಲೆ ದಾಟಿದ್ದನ್ನು ನೆನೆಸಿಕೊಳ್ಳಿ. ಅವಳು ಊರನ್ನು ಬಿಟ್ಟದ್ದು ಅಲ್ಲಿ, ಆ ಅಲೆಗಳ ಮೇಲೆ. ಮುಂದಿನ ಮೂರು ತಿಂಗಳು ಹಡಗಿನ ಹೊಟ್ಟೆ, ಗುಡ್‌ಹೋಪ್ ಭೂಶಿರ ಸುತ್ತಿಕೊಂಡು ಅಟ್ಲಾಂಟಿಕ್.

ಒಪ್ಪಂದ ಐದು ವರ್ಷದ್ದು. ತೋಟ ಬಿಟ್ಟು ಹೊರಗೆ ಹೋಗಬೇಕಾದರೆ ಚೀಟಿ ಬೇಕು. ಕೆಲಸಕ್ಕೆ ಬಾರದಿದ್ದರೆ ಅದು ಕ್ರಿಮಿನಲ್ ಅಪರಾಧ, ದಂಡ, ಜೈಲು. ನಮ್ಮ ಭಾಷೆಗಳಲ್ಲಿ ‘ಕೂಲಿ’ ಅಂದರೆ ದುಡಿದದ್ದಕ್ಕೆ ಸಿಗುವ ಹಣ. ಕೂಲಿ ಮಾಡಿ ಉಣ್ಣುವುದರಲ್ಲಿ ಅವಮಾನ ಏನಿದೆ? ಆ ಪದ ಹಡಗು ಇಳಿಯುವಷ್ಟರಲ್ಲಿ ಮನುಷ್ಯನ ಹೆಸರಾಗಿತ್ತು, ಸ್ವಲ್ಪ ಕಾಲಕ್ಕೆ ಬೈಗುಳವೂ ಆಯಿತು. ಕೆರಿಬಿಯನ್‌ನಲ್ಲಿ ಭಾರತೀಯ ಮೂಲದವರನ್ನು ಜಗಳದಲ್ಲಿ ಚುಚ್ಚಬೇಕಾದರೆ ಬಳಸುತ್ತಿದ್ದದ್ದು ಈ ಪದವನ್ನೇ. ನಮ್ಮ ಸಂಬಳದ ಪದ ಅಲ್ಲಿ ಗಾಯವಾಯಿತು.

1838ರಿಂದ 1917ರ ತನಕ ಹೀಗೆ ಕೆರಿಬಿಯನ್‌ಗೆ ಹೋದವರು ಸುಮಾರು ಐದು ಲಕ್ಷ. ಗಯಾನಾ ಒಂದಕ್ಕೇ 2 ಲಕ್ಷ 39 ಸಾವಿರದಷ್ಟು, ಟ್ರಿನಿಡಾಡ್‌ಗೆ 1 ಲಕ್ಷ 44 ಸಾವಿರದಷ್ಟು. ಇವರಲ್ಲಿ ಬಹುಪಾಲು ಈಗಿನ ಉತ್ತರಪ್ರದೇಶ, ಬಿಹಾರದ ಕಡೆಯವರು, ಕಲ್ಕತ್ತೆಯಲ್ಲಿ ಹಡಗು ಹತ್ತಿದವರು. ಮದ್ರಾಸಿನಿಂದ ಗಯಾನಾಕ್ಕೆ ಹೋದವರು ಸುಮಾರು 15 ಸಾವಿರ, ಅದೂ ಹೆಚ್ಚಾಗಿ 1862ಕ್ಕೆ ಮುಂಚೆ. ಮದ್ರಾಸು ಪ್ರಾಂತ್ಯದ ಬಡವನಿಗೆ ಸಿಲೋನು, ಬರ್ಮಾ, ಮಲಯಾ, ಮಾರಿಷಸ್ ಹತ್ತಿರದ ದಾರಿಗಳಾಗಿದ್ದವು. ಕೆರಿಬಿಯನ್ ಅವನಿಗೆ ದೂರದಲ್ಲಿ ದೂರ. ಇತ್ತ ಫ್ರೆಂಚರು ಪುದುಚೇರಿ, ಕಾರೈಕಾಲ್‌ಗಳಿಂದ ಜನ ಸಾಗಿಸಿದರು. ಮಾರ್ಟಿನಿಕ್‌ಗೆ 1853ರಲ್ಲಿ, ಗ್ವಾಡೆಲೂಪ್‌ಗೆ 1854ರಲ್ಲಿ ಮೊದಲ ಹಡಗು. ಹಾಗಾಗಿ ಆ ಎರಡು ಫ್ರೆಂಚ್ ದ್ವೀಪಗಳ ಭಾರತೀಯರಲ್ಲಿ ತಮಿಳರದ್ದೇ ಮೇಲುಗೈ.

‘ಮದ್ರಾಸಿ’ ಅಂದರೆ ಯಾರು? ಆ ಬಂದರಿನಿಂದ ಹೊರಟವರೆಲ್ಲ. ತಮಿಳರು, ತೆಲುಗರು, ಮದ್ರಾಸು ಪ್ರಾಂತ್ಯ ಅಂದಾಗ ಅದರೊಳಗೆ ಬರುತ್ತಿದ್ದ ಎಲ್ಲರೂ. ನಮ್ಮ ಬಳ್ಳಾರಿ 1953ರ ತನಕ, ಮಂಗಳೂರು, ಉಡುಪಿ 1956ರ ತನಕ ಮದ್ರಾಸಿಗೇ ಸೇರಿದ್ದವು ಅನ್ನೋದನ್ನು ಹೊಸ ತಲೆಮಾರಿನವರು ಮರೆತೇಬಿಟ್ಟಿದ್ದಾರೆ. ಅಲ್ಲಿನವರಿಗೆ ಹೈಕೋರ್ಟೂ ಇದೇ, ರಾಜಧಾನಿಯೂ ಇದೇ. ಬಂದರಿನ ಗುಮಾಸ್ತನ ರಿಜಿಸ್ಟರಿನಲ್ಲಿ ಭಾಷೆಗೆ ಒಂದು ಕಾಲಂ ಇರಲಿಲ್ಲ. ಹೆಸರು, ಅಪ್ಪನ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಹಳ್ಳಿ, ಮೈಮೇಲಿನ ಗುರುತು. ಯಾವ ಮಾತಿನಲ್ಲಿ ಅತ್ತರು ಅಂತ ಯಾರೂ ಬರೆದುಕೊಳ್ಳಲಿಲ್ಲ.

ಹೋದವರೆಲ್ಲ ಮೋಸಕ್ಕೆ ಬಿದ್ದು ಹೋದವರು ಅಂತಲೂ ಹೇಳುವ ಹಾಗಿಲ್ಲ. ಮೋಸ ಇತ್ತು, ದಲ್ಲಾಳಿಗಳು ಇದ್ದರು, ದ್ವೀಪ ಇಲ್ಲೇ ಹತ್ತಿರದಲ್ಲಿದೆ ಅಂತ ಸುಳ್ಳು ಹೇಳಿದರು. ಬರಗಾಲವೂ ಇತ್ತು. ಆದರೆ ಹಡಗು ಹತ್ತಿದವರಲ್ಲಿ ಎಷ್ಟೋ ಮಂದಿಗೆ ಬಿಟ್ಟು ಹೋಗುವ ಊರು ಒಳ್ಳೆಯದಾಗಿರಲಿಲ್ಲ. ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಅನ್ನುವುದು ಮೇಲಿನವರ ಹೆದರಿಕೆ. ಕೇರಿಯ ಹೊರಗೆ ನಿಲ್ಲಿಸಿದವರಿಗೆ ಕೆಡಲು ಏನಿತ್ತು? ನಾವು ಪರಊರಿನಲ್ಲಿ ಕೂತು ‘ನಮ್ಮೂರು, ನಮ್ಮೂರು’ ಅಂತ ಕಣ್ಣು ತುಂಬಿಕೊಳ್ಳುವಾಗ ಇದನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಊರು ಎಲ್ಲರಿಗೂ ಒಂದೇ ತರಹ ಊರಾಗಿರಲಿಲ್ಲ.

ಹಾಗೆ ಹೋದವರು ಜೊತೆಗೆ ಏನು ಒಯ್ದರು? ಗಯಾನಾದ ಬರ್ಬೀಸ್ ಸೀಮೆಯಲ್ಲಿ ಇವತ್ತಿಗೂ ಕಾಳಿಮಾಯಿ ಪೂಜೆ ನಡೆಯುತ್ತದೆ. ಕಾಳಿ ಅಂದರೂ ಅಲ್ಲಿರುವುದು ನಮ್ಮ ಮಾರಿಯಮ್ಮನೇ. ಬೇವಿನ ಸೊಪ್ಪು, ಅರಿಶಿನದ ನೀರು, ಮೈಮೇಲೆ ಬರುವುದು, ಎಲ್ಲ ಇದೆ. ಬಾರಿಸುವ ವಾದ್ಯದ ಹೆಸರು ‘ತಪ್ಪು’. ತಮಿಳರ ತಪ್ಪು, ನಮ್ಮ ತಮಟೆ. ಪುರೋಹಿತರ ಸಂಸ್ಕೃತದ ಪೂಜೆ ಮಾಡುವವರು ಇದನ್ನು ಕೀಳಾಗಿ ಕಂಡರು. ಆದರೂ ಅದು ಸಾಯಲಿಲ್ಲ. ಗ್ವಾಡೆಲೂಪ್, ಮಾರ್ಟಿನಿಕ್‌ಗಳಲ್ಲಿ ಅದೇ ಮಾರಿಯಮ್ಮ ಫ್ರೆಂಚರ ನಾಲಗೆಗೆ ಹೊಂದಿಕೊಂಡು ‘ಮಲಿಯೆಮೆನ್’ ಆಗಿದ್ದಾಳೆ. ಕರಿಬೇವಿಗೆ ಟ್ರಿನಿಡಾಡ್‌ನಲ್ಲಿ ‘ಕರಪುಲೆ’ ಅಂತಾರೆ. ತಮಿಳಿನ ಕರುವೇಪ್ಪಿಲೈ ಅಷ್ಟು ದೂರ ಹೋಗಿ ಬಾಯಿಂದ ಬಾಯಿಗೆ ಸವೆದು ಉಳಿದ ರೂಪ ಅದು. ಹಿತ್ತಿಲಿನ ಗಿಡ ಬದುಕಿತು, ಅದರ ಜೊತೆ ಒಂದು ಪದವೂ ಬದುಕಿತು. ಉಳಿದ ಪದಗಳಿಗೆ ಹಿತ್ತಿಲು ಇರಲಿಲ್ಲ.

ಹೆಸರುಗಳೂ ಉಳಿದವು, ಮೂಗು ಮುಸುಡಿ ಬದಲಾಯಿಸಿಕೊಂಡು. ಗ್ವಾಡೆಲೂಪ್‌ನ ಹೆನ್ರಿ ಸಿದಂಬರಂ 1863ರಲ್ಲಿ ಹುಟ್ಟಿದವರು. ನಮ್ಮ ಚಿದಂಬರವೇ ಸಿದಂಬರಂ. ಭಾರತೀಯ ಮೂಲದವರಿಗೆ ಫ್ರೆಂಚ್ ಪೌರತ್ವ, ಮತದಾನದ ಹಕ್ಕು ಬೇಕು ಅಂತ ಅವರು 1904ರಲ್ಲಿ ಹಿಡಿದ ಹಟ 1923ರ ತನಕ ನಡೆದು ಕೊನೆಗೆ ಗೆದ್ದಿತು. ಗಯಾನಾದಲ್ಲಿ 2015ರಿಂದ 2020ರ ತನಕ ಪ್ರಧಾನಿಯಾಗಿದ್ದವರು ಮೋಸಸ್ ವೀರಸ್ವಾಮಿ ನಾಗಮುತ್ತು. ಬರ್ಬೀಸಿನ ವಿಮ್ ಎಂಬ ಹಳ್ಳಿಯವರು. ಮದ್ರಾಸಿಗಳ ಬದುಕಿನ ಮೇಲೆ ಅವರೊಂದು ಪುಸ್ತಕವನ್ನೂ ಬರೆದಿದ್ದಾರೆ. ವೆಸ್ಟ್ ಇಂಡೀಸ್‌ಗೆ 2012ರಿಂದ ಎಡಗೈ ಸ್ಪಿನ್ ಹಾಕಿದ ವೀರಸ್ವಾಮಿ ಪೆರುಮಾಳ್ ಕೂಡ ಅದೇ ಸೀಮೆಯವರು. ಟಿವಿಯಲ್ಲಿ ಆ ಹೆಸರು ಬಂದಾಗ ನಮ್ಮ ಓಣಿಯ ಇಸ್ತ್ರಿ ಅಂಗಡಿಯವನು ‘ನಮ್ಮ ಆಳು ಸಾರ್’ ಅಂದಿದ್ದ.

ಕ್ರಿಕೆಟ್ಟಿನ ಮಾತು ಬಂತು. ಮದ್ರಾಸಿಗೆ ಕೆರಿಬಿಯನ್ ಅಂದರೆ ನೆನಪಾಗೋದೇ ಕ್ರಿಕೆಟ್. ಪೊಂಗಲ್ ಹಬ್ಬ, ಚೆಪಾಕಿನಲ್ಲಿ ಟೆಸ್ಟು. 1959ರ ಜನವರಿಯಲ್ಲಿ ವೆಸ್ಟ್ ಇಂಡೀಸ್ ಇಲ್ಲಿ ಆಡಿದಾಗ ಪಂದ್ಯ ನಡೆದದ್ದು ಸೆಂಟ್ರಲ್ ಸ್ಟೇಷನ್ ಹತ್ತಿರದ ಕಾರ್ಪೊರೇಷನ್ ಸ್ಟೇಡಿಯಂನಲ್ಲಿ. ಬೇಸಿಲ್ ಬುಚರ್ 142 ಹೊಡೆದರು. ರೋಹನ್ ಕನ್ಹಾಯ್ 99ಕ್ಕೆ ರನ್ ಔಟ್. ಜೋ ಸಾಲೊಮನ್ ಕೂಡ ಆ ತಂಡದಲ್ಲಿದ್ದರು. ಮೂವರೂ ಬರ್ಬೀಸಿನ ಪೋರ್ಟ್ ಮೊರಾಂಟ್ ಎಂಬ ಒಂದೇ ಕಬ್ಬಿನ ತೋಟದ ಕಡೆಯವರು. ಅವರಲ್ಲಿ ಕನ್ಹಾಯ್, ಸಾಲೊಮನ್ ಭಾರತ ಮೂಲದವರು. ನೂರು ವರ್ಷದ ಹಿಂದೆ ಕಬ್ಬು ಕಡಿಯಲು ಈ ದೇಶದಿಂದ ಹೋದವರ ಮಕ್ಕಳ ಮಕ್ಕಳು ಬಿಳಿ ಬಟ್ಟೆ ತೊಟ್ಟು ಈ ಊರಿಗೆ ಬಂದು ಆಡಿ ಹೋದರು. ಅಷ್ಟು ಜನ ಸೇರಿದ್ದರಲ್ಲ, ಅವರಿಗೆ ಅದು ಹೊಳೆದಿತ್ತೋ ಇಲ್ಲವೋ.

ಭದ್ರಾವತಿಯವನಾದ ನಾನು ಇಲ್ಲಿ ಇನ್ನೊಂದು ಮಾತು ಸೇರಿಸದೆ ಇರಲಾರೆ. 1975ರ ಜನವರಿಯಲ್ಲಿ ಚೆಪಾಕಿನಲ್ಲಿ ಆಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತು ಹಾಕಿದಾಗ ಒಂದು ತುದಿಯಲ್ಲಿ ನಿಂತು 97 ಹೊಡೆದು ಔಟಾಗದೆ ಉಳಿದವರು ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್. ಭಾರತ ಆ ಇನಿಂಗ್ಸಿನಲ್ಲಿ ಗಳಿಸಿದ್ದು 190. ನೂರಕ್ಕೆ ಮೂರು ಕಡಮೆಯಾದ ಆ ಆಟವನ್ನು ಮದ್ರಾಸಿನ ಹಳಬರು ಇವತ್ತಿಗೂ ಸೆಂಚುರಿಗಳಿಗಿಂತ ಮೇಲೆ ಇಡುತ್ತಾರೆ. ನಾನು ಈ ಊರಿನಲ್ಲಿ ಮನೆ ಹುಡುಕುವಾಗ ಊರು ಯಾವುದು ಅಂತ ಕೇಳಿದ ಮೈಲಾಪುರದ ಮುದುಕರೊಬ್ಬರು ಭದ್ರಾವತಿ ಅಂದದ್ದೇ ‘ಓ, ವಿಶೀ ಊರಾ’ ಅಂದು ಕಾಫಿ ತರಿಸಿದರು. ನಾಲ್ಕು ವರ್ಷದ ಮೇಲೆ, 1979ರಲ್ಲಿ, ಅದೇ ಚೆಪಾಕಿನಲ್ಲಿ ವಿಶ್ವನಾಥ್ 124 ಹೊಡೆದರು. ಆಗ ಎದುರು ತಂಡದ ನಾಯಕ ಪೋರ್ಟ್ ಮೊರಾಂಟ್ ಕಡೆಯವರೇ ಆದ ಆಲ್ವಿನ್ ಕಾಳಿಚರಣ್. ಊರು ಬಿಟ್ಟವನಿಗೆ ಊರಿನ ಹೆಸರು ಯಾವ ದಾರಿಯಿಂದ ಬಂದು ಕೈ ಹಿಡಿಯುತ್ತದೆ ಅಂತ ಹೇಳಲು ಬರುವುದಿಲ್ಲ.

ಇನ್ನು ಬಟ್ಟೆಯ ಕತೆ. ಇದು ಜನ ಹೋಗುವುದಕ್ಕಿಂತ ಬಹಳ ಹಿಂದಿನದು. ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಡೇ 1639ರಲ್ಲಿ ಈ ಮರಳು ದಂಡೆಯನ್ನು ಆರಿಸಿಕೊಂಡದ್ದೇ ಬಟ್ಟೆಗಾಗಿ. ಇಲ್ಲಿ ಹತ್ತಿಯ ಬಟ್ಟೆ ಬೇರೆ ಕಡೆಗಿಂತ ಅಗ್ಗ ಅನ್ನುವುದು ಅವನ ಲೆಕ್ಕ. ಊರಿನ ಪೇಟೆಗಳ ಹೆಸರೇ ಸಾಕ್ಷಿ. ಬಟ್ಟೆ ಒಗೆದು ಬಿಳುಪು ಮಾಡುವವರನ್ನು ಕೂರಿಸಿದ್ದು ವಾಷರ್‌ಮನ್‌ಪೇಟೆ. ನೇಕಾರರಿಗಾಗಿಯೇ 1734ರಲ್ಲಿ ಕಟ್ಟಿದ್ದು ಚಿಂತಾದ್ರಿಪೇಟೆ; ಚಿನ್ನ ತರಿ ಪೇಟೆ, ಸಣ್ಣ ಮಗ್ಗಗಳ ಪೇಟೆ ಅಂತ ಅದರ ಅರ್ಥ ಹೇಳುತ್ತಾರೆ. ಈ ಕರಾವಳಿಯಲ್ಲಿ ನೇಯುತ್ತಿದ್ದ ಬಣ್ಣದ ಚೌಕಳಿಯ, ಗಜದಗಲದ ರುಮಾಲು ಬಟ್ಟೆಗೆ ಯುರೋಪಿನವರು ಬಂದರಿನ ಹೆಸರನ್ನೇ ಇಟ್ಟರು: ಮದ್ರಾಸು. ನಮ್ಮಲ್ಲಿ ಮನೆಯಲ್ಲಿ ಉಡುವ ಚೌಕಳಿ ಲುಂಗಿಯ ಅಣ್ಣತಮ್ಮ ಅನ್ನಿ.

ಈ ಬಟ್ಟೆಯ ಮೈಗೆ ರಕ್ತವೂ ಅಂಟಿದೆ. ಪಶ್ಚಿಮ ಆಫ್ರಿಕಾದಲ್ಲಿ ಗುಲಾಮರನ್ನು ಕೊಳ್ಳುವಾಗ ಯುರೋಪಿನ ವರ್ತಕರು ಕೊಡುತ್ತಿದ್ದ ಸರಕಿನಲ್ಲಿ ಭಾರತದ ಹತ್ತಿಬಟ್ಟೆ ಮುಖ್ಯವಾದದ್ದು. ಕೋರಮಂಡಲದ ಬಟ್ಟೆ ಲಂಡನ್ನಿಗೆ ಹೋಗಿ, ಅಲ್ಲಿಂದ ಆಫ್ರಿಕಾಕ್ಕೆ ಹೋಗಿ, ಅಲ್ಲಿ ಮನುಷ್ಯರಾಗಿ ಬದಲಾಗಿ ಕೆರಿಬಿಯನ್ ತಲುಪುತ್ತಿತ್ತು. ನೇಯ್ದವನಿಗೆ ಇದು ಗೊತ್ತಿರಲಿಲ್ಲ. ಅದೇ ಚೌಕಳಿಯ ಬಟ್ಟೆಯನ್ನು ಆ ದ್ವೀಪಗಳ ಕಪ್ಪು ಹೆಂಗಸರು ತಲೆಗೆ ಸುತ್ತಿಕೊಂಡರು. ತಲೆ ಮುಚ್ಚಿಕೊಂಡೇ ಇರಬೇಕು ಅಂತ ದೊರೆಗಳು ಮಾಡಿದ ಕಟ್ಟಳೆಯನ್ನು ಅವರು ಚೆಲುವಿಗೆ ತಿರುಗಿಸಿದರು. ಗಂಟು ಎಷ್ಟು ಮೊನೆ ಬರುವಂತೆ ಕಟ್ಟಿದ್ದಾಳೆ ಅನ್ನೋದರ ಮೇಲೆ ಮದುವೆಯಾದವಳೋ, ಆಗದವಳೋ, ಯಾರ ಮೇಲಾದರೂ ಮನಸ್ಸಿದೆಯೋ ಅಂತೆಲ್ಲ ತಿಳಿಯುತ್ತಿತ್ತು. ಈಗ ಅಕ್ಟೋಬರ್ ಕೊನೆಯ ಭಾನುವಾರ ಸೇಂಟ್ ಲೂಸಿಯಾದಲ್ಲಿ ಕ್ರಿಯೋಲ್ ದಿನ. ಡೊಮಿನಿಕಾದಲ್ಲಿ ನವೆಂಬರ್ 3ರ ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ. ಶಾಲೆಯ ಮಕ್ಕಳಿಂದ ಮಂತ್ರಿಗಳ ತನಕ ಎಲ್ಲರ ಮೈಮೇಲೆ ಮದ್ರಾಸು. ಲಂಗ, ಶರಟು, ಮೇಜಿನ ಹಾಸು, ಅಂಗಡಿಯ ತೋರಣ, ಎಲ್ಲ ಮದ್ರಾಸು. ಅದು ಅವರ ದೇಶದ ಉಡುಗೆ. ಯಾರದೋ ಬಟ್ಟೆ ಅಂತ ಅವರು ಎಣಿಸುವುದಿಲ್ಲ. ಎಣಿಸಬೇಕಾಗಿಯೂ ಇಲ್ಲ.

ಚೆನ್ನೈನಲ್ಲೂ ಪರಂಪರೆಯ ಹಬ್ಬ ಇದೆ. ಆಗಸ್ಟ್ 22 ‘ಮದ್ರಾಸ್ ಡೇ’. ಎಸ್. ಮುತ್ತಯ್ಯ ಮತ್ತವರ ಗೆಳೆಯರು 2004ರಲ್ಲಿ ಶುರು ಮಾಡಿದ್ದು. ಕೋಟೆ, ಜಾರ್ಜ್ ಟೌನ್, ಮೈಲಾಪುರದ ಬೀದಿಗಳಲ್ಲಿ ನಡಿಗೆ, ಹಳೆಯ ಫೋಟೋ, ಭಾಷಣ. ನಾನೂ ಕೆಲವು ವರ್ಷ ಹೋಗಿದ್ದೇನೆ, ಚೆನ್ನಾಗಿರುತ್ತೆ. ನಾನು ಹೋದ ನಡಿಗೆಗಳಲ್ಲಿ ಊರಿಗೆ ಬಂದವರ ಕತೆ ತುಂಬ ಕೇಳಿದ್ದೇನೆ: ಆರ್ಮೇನಿಯದವರು, ಪೋರ್ಚುಗೀಸರು, ಗುಜರಾತಿಗಳು, ಉಡುಪಿ ಹೋಟೆಲಿನವರು. ಇಲ್ಲಿಂದ ಹೋದವರ ಕತೆ ಕೇಳಿಲ್ಲ. ಕಲ್ಕತ್ತೆಯಲ್ಲಿ 2011ರಲ್ಲಿ ಹೂಗ್ಲಿಯ ದಂಡೆಯಲ್ಲಿ ಹೋದವರ ನೆನಪಿಗೆ ಫಲಕ ಹಾಕಿದರು, 2015ರಲ್ಲಿ ಗಂಟು ಹೊತ್ತ ಗಂಡ ಹೆಂಡಿರ ಪ್ರತಿಮೆಯೂ ಬಂತು. ಮರೀನಾದಲ್ಲಿ ಬಂಡೆ ಎತ್ತುವ ನಾಲ್ವರ ‘ಶ್ರಮದ ವಿಜಯ’ ಇದೆ. ದೇವಿಪ್ರಸಾದ್ ರಾಯ್‌ಚೌಧುರಿ ಮಾಡಿದ್ದು, 1959ರದ್ದು. ಅದರ ಎದುರಿಗೆ ನಿಂತಾಗಲೆಲ್ಲ ನನಗೆ ದೋಣಿ ಹತ್ತಿದವರೇ ಕಾಣುತ್ತಾರೆ.

ಮದ್ರಾಸು ಪೂರ್ತಿ ಕಣ್ಣು ಮುಚ್ಚಿತ್ತು ಅಂತ ಹೇಳಿದರೆ ತಪ್ಪಾದೀತು. ಇಲ್ಲಿನ ಜಿ. ಎ. ನಟೇಶನ್ ತಮ್ಮ ‘ಇಂಡಿಯನ್ ರಿವ್ಯೂ’ ಪತ್ರಿಕೆಯಲ್ಲಿ ಹೊರದೇಶಗಳಿಗೆ ಹೋದ ಕೂಲಿಗಳ ಪರವಾಗಿ ಬರೆದರು, ಬರೆಸಿದರು. 1912ರಲ್ಲಿ ಗೋಖಲೆ ಶಾಸನಸಭೆಯಲ್ಲಿ ಈ ಪದ್ಧತಿ ನಿಲ್ಲಿಸಿ ಎಂದು ನಿರ್ಣಯ ತಂದಾಗ ಸರ್ಕಾರ ಸೋಲಿಸಿತು. ಆದರೆ ಒತ್ತಡ ಏರುತ್ತ ಹೋಗಿ 1917ರಲ್ಲಿ ಜನ ಕಳಿಸುವುದು ನಿಂತಿತು, 1920ಕ್ಕೆ ಉಳಿದ ಒಪ್ಪಂದಗಳೂ ರದ್ದಾದವು.

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಸಂಘದಲ್ಲಿ ಏನಾದರೂ ಮಾತಾಡಿ ಅಂದರು. ಪಂಪ, ಪುಲಿಕೇಶಿ ಎಲ್ಲ ಆಗಿಹೋಗಿದ್ದರಿಂದ ನಾನು ಈ ಕತೆ ಹೇಳಿದೆ. ಮುಂದಿನ ಸಾಲಿನಲ್ಲಿ ಮಕ್ಕಳು ಕೂತಿದ್ದವು. ಕನ್ನಡ ಅರ್ಥವಾಗುತ್ತೆ, ಉತ್ತರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಬರುತ್ತೆ. ನನ್ನ ಮಗಳೂ ಅವರಲ್ಲಿ ಒಬ್ಬಳಾಗಿ ಬೆಳೆದವಳೇ. ಮಾತು ಮುಗಿದ ಮೇಲೆ ಕುಂದಾಪುರದ ಕಡೆಯ ಒಬ್ಬ ಹಿರಿಯರು ಹತ್ತಿರ ಬಂದರು. ಹತ್ತು ವರ್ಷದ ಹುಡುಗನಾಗಿ ಹೋಟೆಲಿನಲ್ಲಿ ತಟ್ಟೆ ತೊಳೆಯೋಕೆ ಬಂದವರು, ಈಗ ಎಪ್ಪತ್ತು ದಾಟಿದೆ.

‘ಅಲ್ಲ ಮರಾಯ್ರೆ, ಐದ್ ವರ್ಷ ಕಳದ್ ಮೇಲೆ ಅವ್ರಿಗೆ ಊರಿಗ್ ಬಪ್ಪುಕ್ ಆಯ್ತಿರ್ಲಿಲ್ಯಾ?’ ಅಂದರು.

ಆಗುತ್ತಿತ್ತು, ಸುಮಾರು ನಾಲ್ಕರಲ್ಲಿ ಒಬ್ಬರು ಬಂದರು ಅಂದೆ. ಮೊದಲ ಐದು ವರ್ಷ ಮುಗಿಸಿ, ಮತ್ತೂ ಐದು ವರ್ಷ ಅಲ್ಲೇ ಇದ್ದರೆ ಹಡಗಿನ ಖರ್ಚು ಸಿಗುತ್ತಿತ್ತು. ಅಷ್ಟರಲ್ಲಿ ಮಕ್ಕಳು ಹುಟ್ಟಿರುತ್ತಿದ್ದವು. ಆಮೇಲೆ ಖರ್ಚಿನ ಬದಲು ತುಂಡು ಭೂಮಿ ಕೊಡುತ್ತೇವೆ ಅಂತ ಆಸೆ ತೋರಿಸಿದರು. ಸೇಂಟ್ ವಿನ್ಸೆಂಟ್‌ನಲ್ಲಿ 1882ರ ಅಕ್ಟೋಬರ್ 7ರಂದು ಆರ್ಗೈಲ್ ಎಂಬ ತೋಟದ ಕೂಲಿಗಳು ತಮ್ಮ ಹಕ್ಕು ಕೇಳೋದಕ್ಕೆ ರಾಜಧಾನಿಯ ತನಕ ನಡೆದುಕೊಂಡು ಹೋದರು. ಅವರು ಪರಂಪರೆಯ ದಿನ ಅಂತ ಆಚರಿಸುವುದು ಆ ನಡಿಗೆಯನ್ನೇ. ಗಯಾನಾದಿಂದ ಮರಳಿ ಬರುವವರನ್ನು ಹೊತ್ತ ಕೊನೆಯ ಹಡಗು ಕಲ್ಕತ್ತೆ ಮುಟ್ಟಿದ್ದು 1955ರಲ್ಲಿ. ಅದಾಗಿ ದಾರಿ ಮುಚ್ಚಿತು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ನಾನೂ ವರ್ಷಕ್ಕೊಂದ್ ಸಲ ಹೋತ್ನಪ್ಪ, ಕೊಲ್ಲೂರಿಗೆ. ಉಳ್ಕಂಬುಕ್ ಹೋತಿಲ್ಲ’ ಅಂದರು.

ಆ ಮಾತು ನನ್ನ ತಲೆಯಲ್ಲಿ ಉಳಿದಿದೆ. ನಮಗೆ ದಾರಿ ಮುಚ್ಚಿಲ್ಲ. ರಾತ್ರಿ ಬೆಂಗಳೂರು ಮೇಲ್ ಹತ್ತಿದರೆ ಬೆಳಗಾಗುವಷ್ಟರಲ್ಲಿ ಮೆಜೆಸ್ಟಿಕ್. ಕಾವೇರಿ ಗಲಾಟೆಯಾದಾಗ ನಾಲ್ಕು ದಿನ ಸಂಘದ ಬೋರ್ಡಿಗೆ ಬಟ್ಟೆ ಮುಚ್ಚಿ ಕೂತದ್ದುಂಟು, ಅದು ಬಿಟ್ಟರೆ ಈ ಊರು ನಮ್ಮನ್ನು ಚೆನ್ನಾಗಿಯೇ ನೋಡಿಕೊಂಡಿದೆ. ಹಾಗಿದ್ದೂ ಭಾಷೆ ನಮ್ಮ ಮನೆಗಳಿಂದ ಸದ್ದಿಲ್ಲದೆ ಎದ್ದು ಹೋಗುತ್ತಿದೆ. ಯಾರೂ ನಮ್ಮನ್ನು ದೋಣಿ ಹತ್ತಿಸಲಿಲ್ಲ. ಕೆರಿಬಿಯನ್‌ಗೆ ಹೋದವರಿಗೆ ಶಾಲೆ ಇರಲಿಲ್ಲ, ಪುಸ್ತಕ ಇರಲಿಲ್ಲ, ಊರಿನಿಂದ ಕಾಗದ ಬರುತ್ತಿರಲಿಲ್ಲ. ಮೂರು ತಲೆಮಾರಿಗೆ ತಮಿಳು ಹೋಯಿತು, ತೆಲುಗು ಹೋಯಿತು. ತಮಟೆ, ಮಾರಿ, ಕರಿಬೇವು ಮಾತ್ರ ಉಳಿದವು. ಸೇಂಟ್ ವಿನ್ಸೆಂಟ್‌ನವರಿಗೆ ಅದೂ ಉಳಿಯದೆ ಬರೀ ಒಂದು ತಾರೀಕು ಉಳಿಯಿತು. ಆ ತಾರೀಕಿನಿಂದಲೇ ಅವರು ಮತ್ತೆ ಶುರು ಮಾಡಿದ್ದಾರೆ. ಸೇಂಟ್ ಲೂಸಿಯಾದ ಕವಿ ಡೆರೆಕ್ ವಾಲ್ಕಾಟ್ 1992ರಲ್ಲಿ ನೊಬೆಲ್ ಪ್ರಶಸ್ತಿ ಪಡೆದು ಮಾಡಿದ ಭಾಷಣ ಶುರುವಾಗುವುದು ಟ್ರಿನಿಡಾಡ್‌ನ ಫೆಲಿಸಿಟಿ ಎಂಬ ಹಳ್ಳಿಯಲ್ಲಿ ಕಂಡ ರಾಮಲೀಲೆಯಿಂದ. ಮುರಿದ ಚೂರುಗಳನ್ನು ಕೂಡಿಸಿ ಕಟ್ಟುವ ಪ್ರೀತಿಯ ಬಗ್ಗೆ ಅವರು ಅಲ್ಲಿ ಮಾತಾಡಿದ್ದಾರೆ.

ನಮ್ಮ ಸಂಘದ ಮಕ್ಕಳಿಗೆ ಭಾನುವಾರದ ಕನ್ನಡ ಕ್ಲಾಸು ಮತ್ತೆ ಶುರುವಾಗಿದೆ. ಹನ್ನೊಂದು ಮಕ್ಕಳು ಬರುತ್ತಾರೆ. ಅ ಆ ಇ ಈ ಬರೆಸುವುದು ನಾನು, ಹಾಡು ಹೇಳಿಕೊಡುವುದು ಕುಂದಾಪುರದ ಆ ಹಿರಿಯರು. ಜೂನ್ 1 ಭಾನುವಾರ ಬಂದ ವರ್ಷ ಆ ಮಕ್ಕಳನ್ನು ಕರೆದುಕೊಂಡು ಹೋಗಿ ಕಡಲು ತೋರಿಸಬೇಕು, ಟ್ರಾವಂಕೂರ್ ಎಂಬ ಹಡಗಿನ ಕತೆ ಹೇಳಬೇಕು ಅಂತ ನಮ್ಮಿಬ್ಬರ ಆಸೆ. ಕನ್ನಡದಲ್ಲೇ ಹೇಳಬೇಕು. ಅರ್ಥವಾಗದ ಕಡೆ ತಮಿಳು ಇದ್ದೇ ಇದೆ.